ಬಿಲ್ಲೆ ಸೇರಿ ಆರು

ಆ ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಯಾರೂ ಸೊನ್ನೆ ಬರೆಯುತ್ತಿರಲಿಲ್ಲ. ಗಾಜಿನ ದುಂಡು ತಟ್ಟೆಯಲ್ಲಿ ಅಗಾರ್ ಎಂಬ ಲೋಳೆಯಂಥ ಪದಾರ್ಥ ಹರಡಿ, ಅದು ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾ ಬಳಿದು, ನಡುವೆ ಔಷಧಿಯಲ್ಲಿ ಅದ್ದಿದ ಒಂದು ಕಾಗದದ ಬಿಲ್ಲೆ ಇಡುತ್ತಾರೆ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟು ತೆಗೆದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹಾಲಿನ ಕೆನೆಯ ಹಾಗೆ ಹಬ್ಬಿರುತ್ತದೆ. ಔಷಧಿಗೆ ದಮ್ಮಿದ್ದರೆ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ಒಂದು ಬಯಲು ಕಾಣುತ್ತದೆ. ಆ ಬಯಲನ್ನು ಈ ಅಂಚಿನಿಂದ ಆ ಅಂಚಿಗೆ, ಬಿಲ್ಲೆಯನ್ನೂ ಸೇರಿಸಿ, ಮಿಲಿಮೀಟರಿನಲ್ಲಿ ಅಳೆಯುವುದು ಕ್ರಮ. ಬಿಲ್ಲೆಯೊಂದೇ ಆರು ಮಿಲಿಮೀಟರ್. ಹಾಗಾಗಿ ಔಷಧಿ ಏನನ್ನೂ ಕೀಳಲಾಗದೆ, ಬ್ಯಾಕ್ಟೀರಿಯಾ ಬಿಲ್ಲೆಯ ಬುಡದವರೆಗೂ ಬಂದು ಕೂತಿದ್ದರೆ ಅಲ್ಲಿ ಬರೆಯುವುದು ಆರು. ಆರು ಎಂದರೆ ಸೊನ್ನೆ. ಆ ಕೋಣೆಯೊಳಗಿನ ಎಲ್ಲರಿಗೂ ಇದು ಗೊತ್ತು, ಹೊಸ್ತಿಲು ದಾಟಿದರೆ ಒಬ್ಬರಿಗೂ ಗೊತ್ತಿಲ್ಲ.

ಅಳೆಯುವ ಕೆಲಸ ಇಪ್ಪತ್ತೆರಡು ವರ್ಷದಿಂದ ಒಬ್ಬಳದೇ. ವಿದ್ಯಾರ್ಥಿಗಳು ಅವಳಿಗೆ ಮಿಲ್ಲಿ ಅಕ್ಕ ಎಂದು ಹೆಸರಿಟ್ಟಿದ್ದರು. ಅರ್ಧ ಮಿಲಿಮೀಟರಿಗೂ ಜಗಳಕ್ಕೆ ನಿಲ್ಲುವ ಹೆಂಗಸು. ಅವಳಿಗೆ ಕೆಲಸ ಕಲಿಸಿ ನಿವೃತ್ತನಾದ ಮುದುಕ ಮೊದಲ ದಿನವೇ ಹೇಳಿದ್ದ: "ಸೊನ್ನೆ ಬರೀಬೇಡ ಮಗಳೇ. ಸೊನ್ನೆ ನೋಡಿದ್ರೆ ಇವಳು ಅಳೆದೇ ಇಲ್ಲ ಅಂತಾರೆ. ಆರು ಬರೆದ್ರೆ, ಪರವಾಗಿಲ್ಲ, ಬಗ್ಗಿ ನೋಡಿದ್ದಾಳೆ ಅಂತ ಗೊತ್ತಾಗುತ್ತೆ." ಅವಳು ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಅವಳ ಅಣ್ಣನನ್ನು ಕಂಡವರೆಲ್ಲ ಕರೆಯುವುದು ಬೂದಿಯಣ್ಣ ಎಂದು. ಗುಡ್ಡದ ಕಲ್ಲುಸಂದಿಯಲ್ಲಿ ತಾನಾಗಿ ಬೆಳೆಯುವ ಕಾಡು ಸೇಜ್ ಗಿಡದ ಎಲೆಗೆ ಬೂದಿ ಬಳಿದ ಬಣ್ಣ, ಮೇಲೆಲ್ಲ ಸಣ್ಣ ನವಿರು. ಜನರ ಬಾಯಲ್ಲಿ ಅದು ಬೂದಿಸೊಪ್ಪು. ಹೂ ಬಿಡುವ ಹೊತ್ತಿಗೆ ಅವನು ಗುಡ್ಡ ಹತ್ತಿ ಸೊಪ್ಪು ಕೊಯ್ದು, ನೆರಳಲ್ಲಿ ಬಾಡಿಸಿ, ತಾಮ್ರದ ಹಂಡೆಗೆ ತುಂಬಿ ಕೆಳಗೆ ಕೆಂಡ ಹಾಕುತ್ತಿದ್ದ. ಆವಿ ಕೊಳವೆಯಲ್ಲಿ ಹಾದು ತಣ್ಣೀರಿನ ತೊಟ್ಟಿ ದಾಟಿ ಹನಿಯಾಗಿ ಬೀಳುತ್ತಿತ್ತು, ನೀರಿನ ಮೇಲೆ ತೆಳು ಹಳದಿ ಎಣ್ಣೆ ತೇಲುತ್ತಿತ್ತು. ಹಂಡೆ ತುಂಬ ಸೊಪ್ಪಿಗೆ ಅಂಗೈಯಗಲದ ಬಾಟಲಿ ತುಂಬಿದರೆ ಅದೇ ಪುಣ್ಯ. ಗಾಯ, ಕುರು, ಹುಳುಕಡಿ, ಹಿಮ್ಮಡಿ ಒಡಕು, ಯಾವುದಕ್ಕೂ ಅವನ ಪುಟ್ಟ ಅಂಗಡಿಯ ಎಣ್ಣೆಯೇ ಆಗಬೇಕು ಎನ್ನುವವರು ಸುತ್ತ ಬೇಕಾದಷ್ಟಿದ್ದರು. ಅಪ್ಪ ತೀರಿಹೋದಾಗ ತಂಗಿಗೆ ಹನ್ನೊಂದು ವರ್ಷ. ತಾನು ಶಾಲೆ ಬಿಟ್ಟು ಹಂಡೆಯ ಮುಂದೆ ಕೂತು ಅವನು ಅವಳನ್ನು ಓದಿಸಿದ. ಅವಳು ಮೈಕ್ರೋಸ್ಕೋಪಿನಲ್ಲಿ ಇಣುಕುವಷ್ಟು ಓದಿದ್ದು ಆ ಎಣ್ಣೆಯ ವಾಸನೆಯಲ್ಲೇ.

ಎಣ್ಣೆ ಪ್ರಯೋಗಾಲಯಕ್ಕೆ ಬಂದದ್ದಕ್ಕೆ ದೊಡ್ಡ ಉದ್ದೇಶವೇನೂ ಇರಲಿಲ್ಲ. ವಿಭಾಗದ ಮುಖ್ಯಸ್ಥೆಗೆ ಆ ವರ್ಷ ಇನ್ನೊಂದು ಸಂಶೋಧನಾ ಲೇಖನ ಬೇಕಿತ್ತು. ಲವಂಗ, ತುಳಸಿ, ಓಮ, ಎಲ್ಲವನ್ನೂ ಲೋಕದ ಮಂದಿ ಹಿಂಡಿ ಹಿಪ್ಪೆ ಮಾಡಿ ಮುಗಿಸಿದ್ದರು. "ಯಾರೂ ಮುಟ್ಟದ ಎಣ್ಣೆ ಯಾವುದಾದ್ರೂ ಗೊತ್ತಾ?" ಎಂದು ಮೇಡಂ ಚಹಾ ಕುಡಿಯುತ್ತ ಕೇಳಿದರು. "ನಮ್ಮಣ್ಣ ತೆಗೀತಾನೆ ಮೇಡಂ" ಎಂದು ಇವಳು ತಡವರಿಸದೆ ಹೇಳಿದಳು. ಅಣ್ಣನ ಹಂಡೆಗೆ ಒಂದು ಮರ್ಯಾದೆ ಸಿಗಲಿ ಎಂಬುದಷ್ಟೇ ಅವಳ ಆಸೆ.

ಎಣ್ಣೆಯಲ್ಲಿ ಏನೇನಿದೆ ಎಂದು ಬಿಡಿಸಿ ಹೇಳುವ ಯಂತ್ರ ಬೇರೊಂದು ಸಂಸ್ಥೆಯಲ್ಲಿತ್ತು. ಅಲ್ಲಿಂದ ಬಂದ ಉದ್ದನೆಯ ಕಾಗದದಲ್ಲಿ ನಲವತ್ತೆರಡು ಹೆಸರು. ಎಲ್ಲಕ್ಕಿಂತ ಹೆಚ್ಚು ಥುಜೋನ್, ನೂರಕ್ಕೆ ಮೂವತ್ತೊಂದು ಪಾಲು. ಆಮೇಲೆ ಕರ್ಪೂರದ ಅಂಶ, ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್, ಬೋರ್ನಿಯಾಲ್, ಉಳಿದವು ಚೂರುಪಾರು. ಅವಳು ಅದನ್ನು ಅಣ್ಣನಿಗೆ ಓದಿ ಹೇಳಿದಾಗ ಅವನು ಗಾಬರಿಯಾದ.

"ನಲವತ್ತೆರಡಾ? ನಾನು ಹಾಕೋದು ಸೊಪ್ಪು ಒಂದೇ ಕಣೇ! ಕಲಬೆರಕೆ ಅಂತ ಬರೆದುಬಿಟ್ಟಾರು, ನೋಡ್ಕೋ."

"ಸೊಪ್ಪೊಳಗೇ ಇರೋದು ಅಣ್ಣ ಅವೆಲ್ಲ. ಥುಜೋನ್ ಜಾಸ್ತಿ ಇರೋದ್ರಿಂದ ಯಾರಿಗೂ ಕುಡಿಯೋಕೆ ಕೊಡಬೇಡ, ಅಷ್ಟೆ."

"ಅದನ್ನ ಅಪ್ಪನೂ ಹೇಳ್ತಿದ್ದ. ಯಂತ್ರ ಇಲ್ದೇನೇ ಹೇಳ್ತಿದ್ದ."

ತಟ್ಟೆಗಳ ಫಲಿತಾಂಶ ಬಂದ ದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಕಾಲೇಜಿಗೇ ಬಂದ. ಅವಳು ಮೂರು ತಟ್ಟೆ ತೋರಿಸಿದಳು. ಮಾಮೂಲು ಹುಣ್ಣು ಕುರು ಮಾಡುವ ಚಿನ್ನದ ಬಣ್ಣದ ಕ್ರಿಮಿಯ ತಟ್ಟೆಯಲ್ಲಿ ಬಯಲು ಹತ್ತೊಂಬತ್ತು. ಮಣ್ಣಿನ ಕ್ರಿಮಿಗೆ ಹದಿನೇಳು, ಹೊಟ್ಟೆಯ ಕ್ರಿಮಿಗೆ ಹನ್ನೊಂದು. ಅಣ್ಣ ತಟ್ಟೆಯನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ. "ಇಷ್ಟು ಜಾಗ ಬಿಟ್ಟು ಓಡಿವೆಯಲ್ಲೇ! ಅಪ್ಪ ಇದನ್ನ ನೋಡಬೇಕಿತ್ತು" ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾಲ್ಕನೆಯ ತಟ್ಟೆಯನ್ನು ಅವಳು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ. ಅದರಲ್ಲಿ ಹಸಿರು ಕೀವು ಮಾಡುವ ಸೂಡೊಮೊನಾಸ್ ಬಿಲ್ಲೆಯ ಬುಡಕ್ಕೆ ಮುತ್ತಿಕೊಂಡು ಬೆಳೆದಿತ್ತು. ಉಳಿದ ಕೆಲವಕ್ಕೆ ಮೈಮೇಲೆ ಅಂಗಿಯೊಂದೇ ಎಂದರೆ ಇದಕ್ಕೆ ಅಂಗಿಯ ಮೇಲೊಂದು ಗಟ್ಟಿ ಕೋಟು, ಸಾಲದ್ದಕ್ಕೆ ಒಳಗೆ ನುಗ್ಗಿದ್ದನ್ನು ಹೊರಗೆ ದಬ್ಬುವ ಪಂಪುಗಳು ಬೇರೆ. ಬೂದಿಸೊಪ್ಪಿನ ಎಣ್ಣೆ ಅದಕ್ಕೆ ಯಾವ ಲೆಕ್ಕವೂ ಅಲ್ಲ.

ಲೇಖನ ಅಚ್ಚಾಯಿತು. ಲೇಖಕರ ಸಾಲಿನಲ್ಲಿ ಐದು ಹೆಸರು, ಅದರಲ್ಲಿ ಇಬ್ಬರು ತಟ್ಟೆ ತೊಳೆದವರೂ ಅಲ್ಲ. ಇವಳಿಗೆ ಕೊನೆಯಲ್ಲಿ ಕೃತಜ್ಞತೆಯ ಅರ್ಧ ಸಾಲು. ಕೋಷ್ಟಕದ ನಾಲ್ಕನೆಯ ಸಾಲಿನಲ್ಲಿ ಆರು ಎಂದಿತ್ತು. ಕೋಷ್ಟಕದ ಕೆಳಗೆ, ಇರುವೆ ನಡೆದಂಥ ಅಕ್ಷರದಲ್ಲಿ, ಅಳತೆಯಲ್ಲಿ ಬಿಲ್ಲೆಯ ವ್ಯಾಸವೂ ಸೇರಿದೆ ಎಂಬ ಟಿಪ್ಪಣಿ.

ಅಣ್ಣನಿಗೆ ಇಂಗ್ಲಿಷ್ ಬಾರದು. "ನಮ್ಮ ಅಕ್ಷರದಲ್ಲಿ ದೊಡ್ಡದಾಗಿ ಬರೆದುಕೊಡು, ಅಂಗಡಿಯಲ್ಲಿ ಹಾಕ್ತೀನಿ" ಎಂದು ಡ್ರಾಯಿಂಗ್ ಹಾಳೆ ಹಿಡಿದುಕೊಂಡು ಬಂದ. ಅವಳು ಸ್ಕೇಲು ಇಟ್ಟು ಗೆರೆ ಎಳೆದು, ಎರಡು ಬಣ್ಣದ ಪೆನ್ನಿನಲ್ಲಿ ಬರೆಯತೊಡಗಿದಳು. ಅವನು ಹಿಂದೆ ನಿಂತು, ಅವಳು ಶಾಲೆಗೆ ಹೋಗುವಾಗ ಹೋಂವರ್ಕ್ ನೋಡುತ್ತಿದ್ದ ಹಾಗೆ, ಭುಜದ ಮೇಲಿಂದ ನೋಡುತ್ತಿದ್ದ. ಹತ್ತೊಂಬತ್ತು ಬರೆದಾಗ "ಶಹಬ್ಬಾಸ್" ಎಂದ. ಹದಿನೇಳಕ್ಕೂ ಎಂದ. ಹನ್ನೊಂದಕ್ಕೆ "ಇರಲಿ, ಪಾಸು" ಎಂದ. ನಾಲ್ಕನೆಯ ಸಾಲಿನಲ್ಲಿ "ಹಸಿರು ಕೀವಿನ ಕ್ರಿಮಿ" ಎಂದು ಬರೆದ ಮೇಲೆ ಅವಳ ಪೆನ್ನು ನಿಂತಿತು.

"ಅದಕ್ಕೂ ಇದೆ ತಾನೇ?" ಎಂದ ಅಣ್ಣ.

"ಸ್ವಲ್ಪ ಕಮ್ಮಿ" ಎಂದಳು.

"ಕಮ್ಮಿ ಆದ್ರೂ ಇದೆಯಲ್ಲ, ಬರಿ."

ಅವಳು ಆರು ಬರೆದಳು. ಲೇಖನದಲ್ಲಿ ಇದ್ದದ್ದೂ ಆರೇ, ತಾನೇ ಅಳೆದದ್ದೂ ಆರೇ, ಸುಳ್ಳೇನು ಬಂತು? ಟಿಪ್ಪಣಿಗೆ ಹಾಳೆಯಲ್ಲಿ ಜಾಗವೂ ಇರಲಿಲ್ಲ, ಕೆಳಗೆ ಅವನು ಬಳ್ಳಿಯ ಅಂಚು ಬರೆಸಬೇಕೆಂದಿದ್ದ. ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ನಾಲ್ಕಕ್ಕೆ ನಾಲ್ಕು ಪಾಸಾಗಿದ್ದಾನೆ ಎಂದು ಖುಷಿಯಲ್ಲಿ ನಿಂತಿರುವಾಗ, ಎಣ್ಣೆಯಲ್ಲೇ ಓದಿದ ತಂಗಿ ಹೇಗೆ ತಾನೇ ಸೊನ್ನೆ ಬರೆದಾಳು? ಹೀಗೆಲ್ಲ ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಸಮಾಧಾನ ಬೇಕಾಯಿತು ಎಂದ ಮೇಲೆ ತಪ್ಪು ಗೊತ್ತಿತ್ತು ಎಂದೇ ಅರ್ಥ.

ಅದಾಗಿ ಒಂದೂವರೆ ವರ್ಷಕ್ಕೆ, ಒಂದು ಶನಿವಾರ, ಅತ್ತಿಗೆಯ ಫೋನು ಬಂತು. ಅತ್ತಿಗೆಗೂ ಇವಳಿಗೂ ಅಷ್ಟಕ್ಕಷ್ಟೆ. ಗಂಡ ದುಡಿದದ್ದೆಲ್ಲ ನಾದಿನಿಯ ಪುಸ್ತಕಕ್ಕೆ ಸುರಿದ ಎಂಬ ಹಳೆಯ ಕಹಿ ಆಕೆಯ ಮಾತಿನ ತಳದಲ್ಲಿ ಯಾವಾಗಲೂ ಇರುತ್ತಿತ್ತು. ಫೋನಿನಲ್ಲಿ ಆ ಧ್ವನಿ ಇರಲಿಲ್ಲ.

"ನಿಮ್ಮಣ್ಣ ಕೆಂಡ ತುಳಿದಿದ್ದಾರೆ ಕಣೇ. ವಾರ ಆಯ್ತು. ಸಕ್ಕರೆ ಕಾಯಿಲೆ ಕಾಲು, ಸುಟ್ಟಿದ್ದೂ ಗೊತ್ತಾಗ್ಲಿಲ್ಲ ಆ ಪುಣ್ಯಾತ್ಮನಿಗೆ. ವಾಸನೆ ಬಂದ ಮೇಲೆ ನೋಡ್ಕೊಂಡಿದ್ದು. ಈಗ ಬಟ್ಟೆ ಬಿಚ್ಚಿದ್ರೆ ಹಸಿರು ಹಸಿರು ಕೀವು. ಆಸ್ಪತ್ರೆಗೆ ನಡೀರಿ ಅಂದ್ರೆ ನನ್ನ ತಂಗಿ ಅಳೆದಿದ್ದಾಳೆ ಅಂತಾರೆ. ನೀನಾದ್ರೂ ಬಂದು ಹೇಳು."

ಹಸಿರು ಎಂಬ ಮಾತು ಕೇಳಿದಾಗಲೇ ನಾಲ್ಕನೆಯ ತಟ್ಟೆ ಅವಳ ಕಣ್ಣಮುಂದೆ ಬಂತು. ಮರುದಿನ ಬಸ್ಸು ಹತ್ತುವಾಗ ಚೀಲದಲ್ಲಿ ಒಂದು ಶುದ್ಧ ಹತ್ತಿಕಡ್ಡಿಯ ಕೊಳವೆ ಇಟ್ಟುಕೊಂಡಿದ್ದಳು. ಹಣ್ಣು ಒಯ್ಯುವುದನ್ನು ಮರೆತಿದ್ದಳು.

ಅಣ್ಣ ಅಂಗಡಿಯಲ್ಲೇ ಕೂತಿದ್ದ, ಎಡಗಾಲು ಸ್ಟೂಲಿನ ಮೇಲೆ. ಎದುರಿಗೆ ಒಬ್ಬ ಗಿರಾಕಿ ಹೆಂಗಸು. ಅವನ ಹಿಂದೆ ಗೋಡೆಯಲ್ಲಿ ಗಾಜು ಹಾಕಿಸಿದ ಆ ಹಾಳೆ, ಎರಡು ಬಣ್ಣ, ಬಳ್ಳಿಯ ಅಂಚು. "ಬಾ ಬಾ, ಸರಿಯಾದ ಹೊತ್ತಿಗೆ ಬಂದೆ" ಎಂದು ತಂಗಿಯನ್ನು ಕರೆದು, ಗಿರಾಕಿಗೆ ಹೇಳಿದ: "ಇವಳೇ ನೋಡಿ ತಾಯಿ. ಕ್ರಿಮಿ ಎಷ್ಟು ದೂರ ಓಡುತ್ತೆ ಅಂತ ಅಳೆದವಳು ಇವಳೇ."

ಗಿರಾಕಿ ಕೈಮುಗಿದಳು. ಇವಳೂ ಮುಗಿಯಬೇಕಾಯಿತು.

ಒಳಗೆ ಹೋಗಿ ಬಟ್ಟೆ ಬಿಚ್ಚುವ ಮೊದಲೇ ವಾಸನೆ ಬಂತು. ಬೂದಿಸೊಪ್ಪಿನ ಘಾಟಿನ ಅಡಿಯಲ್ಲಿ, ಹುಳಿತ ದ್ರಾಕ್ಷಿಯ ಹಾಗೆ ಸಿಹಿಯಾದ ಇನ್ನೊಂದು ವಾಸನೆ. ಹಸಿರು ಕೀವಿನ ಕ್ರಿಮಿಯ ತಟ್ಟೆಯ ಮುಚ್ಚಳ ತೆಗೆದಾಗಲೆಲ್ಲ ಇದೇ ವಾಸನೆ ಅವಳ ಮೂಗಿಗೆ ಹೊಡೆಯುತ್ತಿತ್ತು, ಇಪ್ಪತ್ತೆರಡು ವರ್ಷ. ಬಟ್ಟೆಯ ಮೇಲೆ ನವಿಲುಬಣ್ಣದ ಕಲೆ. ಅಂಗಾಲಿನ ಮುಂಭಾಗದಲ್ಲಿ, ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಬುಡದಲ್ಲಿ, ಹೆಬ್ಬೆರಳು ಇಳಿಯುವಷ್ಟು ಗುಳಿ. ಅವಳಿಗೆ ಇನ್ನು ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಆದರೂ ಹತ್ತಿಕಡ್ಡಿ ತೆಗೆದು ಗಾಯಕ್ಕೆ ಒತ್ತಿ, ಕೊಳವೆಗೆ ಹಾಕಿ ಮುಚ್ಚಳ ತಿರುಗಿಸಿದಳು.

"ಆಸ್ಪತ್ರೆಗೆ ಹೋಗೋಣ ಅಣ್ಣ. ಈಗಲೇ."

"ಯಾಕೆ? ಹಸಿರು ಕೀವು ಅಂತ ನಂಗೂ ಕಾಣುತ್ತೆ. ನೀನೇ ಬರೆದಿದ್ದೀಯಲ್ಲ, ಆರು. ಲೆಕ್ಕ ಹಾಕಿದ್ದೀನಿ ನಾನು." ಅವನು ಬೆರಳು ಮಡಿಸಿದ. "ಹತ್ತೊಂಬತ್ತು ಇರೋ ಕುರು ನನ್ನೆಣ್ಣೆಗೆ ಮೂರು ದಿನದಲ್ಲಿ ಒಣಗುತ್ತೆ, ಎಷ್ಟೋ ಸಲ ನೋಡಿದ್ದೀನಿ. ಆರು ಅಂದ್ರೆ ಅದರ ಮೂರನೇ ಒಂದು ಭಾಗ. ಅಂದ್ಮೇಲೆ ಹತ್ತು ದಿನ ಬೇಕು. ಇವತ್ತಿಗೆ ಎಂಟು. ನಿಧಾನಕ್ಕೆ ಆಗುತ್ತೆ, ಆದ್ರೆ ಆಗುತ್ತೆ."

ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಶಾಲೆ ಬಿಟ್ಟವನು ಇಷ್ಟು ಅಚ್ಚುಕಟ್ಟಾಗಿ ಭಾಗಾಕಾರ ಮಾಡಿದ್ದಾನಲ್ಲ ಎಂದುಕೊಂಡಳು. ಆಗ ಹೇಳಬೇಕಿತ್ತು. ಆರು ಆರಲ್ಲ ಎಂಬ ಎರಡೇ ಮಾತು. ಅತ್ತಿಗೆ ಬಿಸಿನೀರು ಕಾಯಿಸಲು ಹಿತ್ತಲಿಗೆ ಹೋಗಿದ್ದಳು, ಹೊರಗೆ ಆ ಗಿರಾಕಿ ಬಾಟಲಿಯ ಬಿರಟೆ ತೆಗೆದು ಮೂಸುತ್ತಿದ್ದಳು, ಅಣ್ಣ ಮಡಿಸಿದ ಬೆರಳುಗಳನ್ನು ಹಾಗೇ ಹಿಡಿದುಕೊಂಡು ಅವಳ ಒಪ್ಪಿಗೆಗೆ ಕಾಯುತ್ತಿದ್ದ. ಅವಳು ಬೇರೆ ಎಲ್ಲವನ್ನೂ ಹೇಳಿದಳು. ಸಕ್ಕರೆ ಕಾಯಿಲೆ ಇದೆ, ವಯಸ್ಸಾಯಿತು, ಜ್ವರ ಬಂದೀತು, ಡಾಕ್ಟರು ನೋಡಿದರೆ ಏನು ಗಂಟು ಹೋಗುತ್ತದೆ, ಎಂದೆಲ್ಲ. ಅವನು ನಕ್ಕು ತಲೆಯಾಡಿಸಿದ. ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

"ಎರಡು ದಿನ. ಮಂಗಳವಾರ ಒಣಗದೆ ಇದ್ರೆ ನೀನು ಹೇಳಿದಲ್ಲಿಗೆ ಬರ್ತೀನಿ. ಸರಿಯಾ?"

"ಸರಿ" ಎಂದಳು ತಂಗಿ.

ಬಸ್ಸಿನಲ್ಲಿ ಅವಳು ತನಗೆ ತಾನೇ ಹೇಳಿಕೊಂಡದ್ದು, ಮೊದಲು ಖಚಿತ ಮಾಡಿಕೊಳ್ಳೋಣ ಎಂದು. ಮೂಗನ್ನು ನಂಬಿ ಮಾತಾಡುವುದು ವಿಜ್ಞಾನವಲ್ಲವಂತೆ. ಎಂಥ ಒಳ್ಳೆಯ ನೆಪ! ಕಳ್ಳರಿಗೆ ಕತ್ತಲೆ ಹೇಗೋ ಓದಿದವರಿಗೆ ಇನ್ನೊಂದು ಪರೀಕ್ಷೆ ಹಾಗೆ. ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಅಣ್ಣನ ಕಾಲಿನದನ್ನು ತಟ್ಟೆಗೆ ಬಳಿದಳು. ನಡುವೆ ಅಣ್ಣನ ಎಣ್ಣೆಯ ಬಿಲ್ಲೆ ಇಟ್ಟಳು. ಪೆಟ್ಟಿಗೆಯ ಬಾಗಿಲು ಮುಚ್ಚಿ ಇಡೀ ದಿನ ಬೇರೆಯವರ ತಟ್ಟೆ ಅಳೆದಳು.

ಮಧ್ಯಾಹ್ನ ಮೇಡಂ ಹತ್ತಿರ ಹೋಗಿ ನಿಂತಳು.

"ನಮ್ಮ ಕೋಷ್ಟಕದಲ್ಲಿ ಆರು ಅಂತ ಇದೆಯಲ್ಲ ಮೇಡಂ, ಅದನ್ನ ನೋಡಿ ಯಾರಾದ್ರೂ ಹಸಿರು ಕೀವಿಗೆ ಈ ಎಣ್ಣೆ ಹಚ್ಚಿದ್ರೆ?"

ಮೇಡಂ ಕನ್ನಡಕ ಮೇಲಕ್ಕೆತ್ತಿದರು. "ಕೆಳಗೆ ಟಿಪ್ಪಣಿ ಇದೆಯಲ್ಲ. ಓದದೆ ಇರೋದು ಅವರ ತಪ್ಪು. ಯಾಕೆ, ಯಾರಾದ್ರೂ ಪತ್ರ ಬರೆದಿದ್ದಾರಾ?"

"ಇಲ್ಲ ಮೇಡಂ. ಸುಮ್ನೆ ಕೇಳಿದೆ."

"ಟಿಪ್ಪಣಿ ತೆಗೆದು ಯಾರಾದ್ರೂ ಬಳಸಿಕೊಂಡಿದ್ರೆ ಅದಕ್ಕೆ ನಾವು ಜವಾಬ್ದಾರರಲ್ಲ. ನೀವು ಎಲ್ಲೂ ಕೊಟ್ಟಿಲ್ಲ ತಾನೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಕೋಟಿನ ಜೇಬಿಗೆ ಕೈ ಹಾಕಿದಳು. ಜೇಬಿನಲ್ಲಿ ಸ್ಕೇಲು ಬಿಟ್ಟರೆ ಏನೂ ಇರಲಿಲ್ಲ. "ಇಲ್ಲ ಮೇಡಂ" ಎಂದು ಹೊರಗೆ ಬಂದಳು. ಮೇಡಂ ಮೇಲೆ ಅವಳಿಗೆ ಸಿಟ್ಟು ಬಂತು, ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ. ಮೇಡಂ ಟಿಪ್ಪಣಿ ಹಾಕಿದ್ದರು, ಬಿಟ್ಟವಳು ಇವಳು.

ಮಂಗಳವಾರ ಬೆಳಗ್ಗೆ ತಟ್ಟೆ ತೆಗೆದಾಗ ಅದು ಅಂಚಿನಿಂದ ಅಂಚಿಗೆ ಹಸಿರಾಗಿತ್ತು. ಬಿಲ್ಲೆಯ ಸುತ್ತ ಕೂದಲೆಳೆಯಷ್ಟೂ ಬಯಲಿರಲಿಲ್ಲ. ಅಭ್ಯಾಸಬಲ, ಅವಳು ಸ್ಕೇಲು ಇಟ್ಟು ಅಳೆದಳು, ಪುಸ್ತಕ ತೆರೆದು ಪೆನ್ನು ಹಿಡಿದಳು, ಆರು ಎಂದು ಬರೆಯಲು ಹೋಗಿ ನಿಲ್ಲಿಸಿದಳು. ಪುಸ್ತಕ ಮುಚ್ಚಿ, ರಜೆ ಚೀಟಿಯನ್ನೂ ಬರೆಯದೆ ಬಸ್ ನಿಲ್ದಾಣಕ್ಕೆ ಹೋದಳು.

ಅಣ್ಣ ಒಳಗಿನ ಮಂಚದಲ್ಲಿ ಮಲಗಿದ್ದ. ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಮೈ ಕೆಂಡವಾಗಿತ್ತು, ಹಿಮ್ಮಡಿಯಿಂದ ಮೊಣಕಾಲಿನವರೆಗೆ ಕೆಂಪು ಗೆರೆ ಏರಿತ್ತು. ಅತ್ತಿಗೆ ಆಟೋ ಕರೆಯಲು ಹೋಗಿದ್ದಳು, ಅವನ ಒಪ್ಪಿಗೆಗೆ ಕಾಯುವುದನ್ನು ಕೊನೆಗೂ ಬಿಟ್ಟು. ತಂಗಿಯನ್ನು ನೋಡಿ ಅವನು ಮುಜುಗರಪಟ್ಟ, ಲೆಕ್ಕ ತಪ್ಪಿದ ಹುಡುಗನ ಹಾಗೆ.

"ಹತ್ತು ದಿನ ಆಯ್ತು. ಇನ್ನೊಂದೆರಡು ದಿನ ಬೇಕೋ ಏನೋ. ಎಣ್ಣೆ ಹಳೇದಿತ್ತಾ ಅಂತ ನಿನ್ನೆ ಹೊಸ ಬಾಟಲಿ ಒಡೆದೆ."

"ಅಣ್ಣ, ಆರು ಅಂದ್ರೆ ಸೊನ್ನೆ."

"ಏನಂದೆ?"

"ಆ ಕಾಗದದ ಬಿಲ್ಲೆನೇ ಆರು ಮಿಲಿಮೀಟರು. ಅದನ್ನೂ ಸೇರಿಸಿ ಅಳೀತೀವಿ ನಾವು. ಎಣ್ಣೆ ಏನೂ ಮಾಡದೆ ಇದ್ರೂ ಆರು ಬರುತ್ತೆ. ಬರೀ ನೀರು ಹಾಕಿದ್ರೂ ಆರೇ."

ಅವನು ಅರ್ಥ ಮಾಡಿಕೊಳ್ಳಲು ಹೊತ್ತು ತೆಗೆದುಕೊಂಡ. ತುಟಿ ಅಲ್ಲಾಡುತ್ತಿತ್ತು, ಏನೋ ಕಳೆಯುತ್ತಿದ್ದ.

"ಹಾಗಾದ್ರೆ ಹತ್ತೊಂಬತ್ತೂ ಹತ್ತೊಂಬತ್ತಲ್ಲ."

"ಅದರಲ್ಲಿ ಬಿಲ್ಲೆ ಕಳೆದ್ರೆ ಹದಿಮೂರು. ಅದು ನಿಜವಾದ್ದು ಅಣ್ಣ, ಅದಕ್ಕೆ ನಿನ್ನ ಎಣ್ಣೆ ಒಳ್ಳೇದೇ."

"ಹದಿಮೂರು" ಎಂದ ಅವನು. ಕಾಲಿಗಿಂತ ಮೊದಲು ಅವನಿಗೆ ಅದೇ ನೋವಾಯಿತು. ಆಮೇಲೆ ಕೇಳಿದ: "ಅವತ್ತು ಬರೆಯುವಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಭಾನುವಾರ, ನಾನು ಬೆರಳು ಮಡಿಸಿ ಹೇಳ್ತಿದ್ನಲ್ಲ, ಆಗ?"

ಅವಳು ಬಗ್ಗಿ ಅವನ ಹೊದಿಕೆ ಮಡಿಸತೊಡಗಿದಳು. ಅಷ್ಟೇ ಸಾಕಾಯಿತು ಅವನಿಗೆ. ಹೊರಗೆ ಆಟೋ ನಿಂತ ಸದ್ದಾಯಿತು. ಅವಳು ಎಬ್ಬಿಸಲು ಕೈ ಕೊಟ್ಟಳು. ಅವನು ಮಂಚದ ಅಂಚು ಹಿಡಿದು ತಾನೇ ಎದ್ದ.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಡಾಕ್ಟರು ಮೊಣಕಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು, ಇಲ್ಲಿಂದ ತೆಗೆಯಬೇಕು ಎಂದು. ಬುಧವಾರ ಬೆಳಗ್ಗೆ ತೆಗೆದರು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, ಯಾರಿಗೂ ಕೆಟ್ಟದ್ದು ಬಯಸದ ಆ ಮನುಷ್ಯ ಹೇಳಿದರು: "ಭಾನುವಾರ ಬಂದಿದ್ರೆ ಎರಡು ಬೆರಳಲ್ಲಿ ಮುಗೀತಿತ್ತು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗಾಯ್ತು." ಅವರು ರೂಢಿಯ ಮಾತಾಗಿ ಅಂದದ್ದು. ಕೇಳಿದ ಅತ್ತಿಗೆ ಗೋಡೆಗೆ ಹಣೆ ಚಚ್ಚಿಕೊಂಡಳು.

ಮೂರನೆಯ ದಿನ ವಾರ್ಡಿನಲ್ಲಿ ಅತ್ತಿಗೆಯ ದುಃಖ ಸಿಟ್ಟಾಗಿ ತಿರುಗಿತು. ನೆಂಟರು ನಾಲ್ಕು ಜನ ಸುತ್ತ ಕೂತಿದ್ದರು. "ಆ ಗೋಡೆ ಮೇಲಿನ ಹಾಳೆ ನಂಬ್ಕೊಂಡು ಕಾಲು ಕಳ್ಕೊಂಡ್ರಲ್ಲ! ಯಾರಾದ್ರೂ ಒಬ್ರು, ಬೇಡ ಅಂತ ಗಟ್ಟಿಯಾಗಿ ಹೇಳಬಾರದಿತ್ತಾ?" ಎಂದು ಅವಳು ನಾದಿನಿಯ ಕಡೆಗೇ ನೋಡಿದಳು. ನಾದಿನಿ ಎದ್ದು ನಿಂತಳು. ಹೇಳಿಬಿಡಬೇಕೆಂದೇ ನಿಂತಳು.

"ಅವಳನ್ನ ಯಾಕೆ ಅಂತೀಯ?" ಮಂಚದಿಂದ ಅಣ್ಣ ಅಂದ. ಧ್ವನಿ ಬತ್ತಿತ್ತು. "ಭಾನುವಾರವೇ ಬಡ್ಕೊಂಡ್ಲು ಅವಳು. ಆ ಅಂಕಿ ನಂಬಬೇಡ, ಅದು ಸೊನ್ನೆ, ನಡಿ ಆಸ್ಪತ್ರೆಗೆ ಅಂತ ಕಾಲು ಹಿಡಿದು ಹೇಳಿದ್ಲು. ನಾನೇ ಕೇಳಲಿಲ್ಲ."

ನೆಂಟರು ತಲೆಯಾಡಿಸಿದರು. ಬೂದಿಯಣ್ಣನ ಹಟ ಯಾರಿಗೆ ಗೊತ್ತಿಲ್ಲ? ಅತ್ತಿಗೆ ಅಷ್ಟು ವರ್ಷದ ಕಹಿಯನ್ನೆಲ್ಲ ಒಂದೇ ಸಲ ಬಿಟ್ಟವಳ ಹಾಗೆ ಬಂದು ನಾದಿನಿಯ ಎರಡೂ ಕೈ ಹಿಡಿದುಕೊಂಡಳು. "ನೀನಾದ್ರೂ ಹೇಳಿದೆಯಲ್ಲ ತಾಯಿ. ನಾನೇ ನಿನ್ನ ಮೇಲೆ ತಪ್ಪು ತಿಳ್ಕೊಂಡಿದ್ದೆ" ಎಂದು ಅತ್ತಳು. ಅವಳು ಅತ್ತಿಗೆಯ ತಲೆಯ ಮೇಲಿಂದ ಅಣ್ಣನ ಕಡೆ ನೋಡಿದಳು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ್ದ. ಈಗ ಬಾಯಿ ಬಿಟ್ಟರೆ ಅವನನ್ನು ಎಲ್ಲರ ಮುಂದೆ ಸುಳ್ಳುಗಾರ ಮಾಡಬೇಕು, ಬಿಡದಿದ್ದರೆ ಈ ಕಣ್ಣೀರನ್ನು ಕೈಯಲ್ಲಿ ಹಿಡಿದು ನಿಂತಿರಬೇಕು. ಅವಳು ನಿಂತಳು. ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎನಿಸಿತು. ಅವನು ಅದನ್ನೂ ಕೊಡಲಿಲ್ಲ.

ಮನೆಗೆ ಬಂದ ಮೇಲೆ ಅವಳು ಪ್ರತಿ ಭಾನುವಾರ ಹೋಗುತ್ತಿದ್ದಳು. ಅಣ್ಣ ಬಾ ಎನ್ನುತ್ತಿದ್ದ, ಊಟ ಆಯಿತಾ ಎಂದು ಕೇಳುತ್ತಿದ್ದ, ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಅವನು ಹಂಡೆಯನ್ನು ಪಕ್ಕದ ಬೀದಿಯ ಪಾತ್ರೆಯವನಿಗೆ ಕೊಟ್ಟುಬಿಟ್ಟಿದ್ದ. ಹದಿಮೂರಕ್ಕೆ ಯಾರು ಗುಡ್ಡ ಹತ್ತುತ್ತಾರೆ ಎಂದು ಒಮ್ಮೆ ಅಂದದ್ದು ಬಿಟ್ಟರೆ ಎಣ್ಣೆಯ ಸುದ್ದಿಯನ್ನೇ ಎತ್ತಲಿಲ್ಲ. ಕಾಲಿನ ತುದಿಯ ಗಾಯ ಮಾಯುವುದು ನಿಧಾನವಾಗಿತ್ತು. ದಿನ ಬಿಟ್ಟು ದಿನ ಒಬ್ಬ ನರ್ಸ್ ಬಂದು ಬಟ್ಟೆ ಬದಲಿಸುತ್ತಿದ್ದಳು. "ನರ್ಸ್ ಯಾಕೆ, ಇವಳೇ ಇದ್ದಾಳಲ್ಲ, ಭಾನುವಾರದ್ದನ್ನ ಇವಳೇ ಮಾಡಲಿ" ಎಂದಳು ಅತ್ತಿಗೆ ಅಕ್ಕರೆಯಿಂದ. ಅವಳೂ ಕೈ ತೊಳೆಯಲು ಎದ್ದಿದ್ದಳು. "ಬೇಡ, ನರ್ಸ್ ಬರ್ತಾರೆ" ಎಂದ ಅಣ್ಣ.

ಆ ಭಾನುವಾರ ನರ್ಸ್ ಬಟ್ಟೆ ಬಿಚ್ಚಿ, ಅಳತೆ ಟೇಪು ತೆಗೆದು ಗಾಯದ ಮೇಲೆ ಹಿಡಿದಳು. "ನಾಲ್ಕು ಸೆಂಟಿಮೀಟರು. ಹೋದ ವಾರ ಐದಿತ್ತು. ಚೆನ್ನಾಗಿ ಮಾಯ್ತಾ ಇದೆ" ಎಂದು ಪುಸ್ತಕದಲ್ಲಿ ಬರೆಯಲು ಹೋದಳು.

"ಎಲ್ಲಿಂದ ಹಿಡಿದ್ರಿ?" ಎಂದ ಅಣ್ಣ.

"ಅಂದ್ರೆ?"

"ಟೇಪು. ಸೊನ್ನೆಯಿಂದ ಹಿಡಿದ್ರಾ, ಇಲ್ಲ ತುದಿಯ ತಗಡನ್ನೂ ಸೇರಿಸಿ ಹಿಡಿದ್ರಾ?"

ನರ್ಸ್ ನಕ್ಕುಬಿಟ್ಟಳು. "ಸೊನ್ನೆಯಿಂದಲೇ ಹಿಡಿದೆ ಯಜಮಾನ್ರೇ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ನೀವೊಬ್ರೇ."

"ಕೊಡಿ ಇಲ್ಲಿ."

ಅವನು ಬಗ್ಗಿ, ಉಸಿರು ಬಿಗಿಹಿಡಿದು, ಟೇಪನ್ನು ತಾನೇ ಗಾಯದ ಮೇಲೆ ಹಿಡಿದ. ಸೊನ್ನೆಯ ಗೆರೆಯ ಮೇಲೆ ಉಗುರಿಟ್ಟು, ಅಲ್ಲಿಂದ ಒಂದೊಂದೇ ಗೆರೆ ಎಣಿಸಿದ. ತಂಗಿ ಮಂಚದ ಕಾಲುಬದಿಯಲ್ಲಿ, ಒಂದು ಮೊಳ ದೂರದಲ್ಲಿ, ನಿಂತಿದ್ದಳು. ಅವನು ಎಣಿಸಿ ಮುಗಿಸಿ "ನಾಲ್ಕೇ" ಎಂದ.

"ನಮ್ಮ ನಾದಿನಿ ಲ್ಯಾಬಿನಲ್ಲಿ ಅಳೆಯೋ ಕೆಲಸದಲ್ಲೇ ಇರೋದು" ಎಂದಳು ಅತ್ತಿಗೆ ಹೆಮ್ಮೆಯಿಂದ. "ಇಡೀ ಕಾಲೇಜಿನಲ್ಲಿ ಇವಳ ಅಳತೇನೇ ಅಳತೆ."

"ಹೌದಾ? ಹಾಗಾದ್ರೆ ನೀವೇ ಒಂದ್ಸಲ ನೋಡಿಬಿಡಿ ಅಕ್ಕ, ಇವರಿಗೂ ನೆಮ್ಮದಿಯಾಗಲಿ" ಎಂದಳು ನರ್ಸ್.

ಅವಳು ಕೈ ಚಾಚಿದಳು. ಅಣ್ಣ ಅಷ್ಟರಲ್ಲಿ ಟೇಪನ್ನು ಬಿಗಿಯಾಗಿ ಸುತ್ತಿ, ಅವಳನ್ನು ದಾಟಿಸಿ, ನರ್ಸಿನ ಕೈಗೆ ಕೊಟ್ಟ.

"ಬೇಡ" ಎಂದ. "ನಾನು ನೋಡಿ ಆಯ್ತಲ್ಲ."